ನಕ್ಷೆ ತೋರಿಸಿದ ಕಣ್ಣಿನ ಆಸ್ಪತ್ರೆ

ವಯಸ್ಸಾದಂತೆಲ್ಲ ಮನುಷ್ಯನ ಪ್ರಪಂಚ ಕಿರಿದಾಗುತ್ತ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರಿಗೆ ಮಂಡಿನೋವಿಲ್ಲ. ಮಂಡಿನೋವು ಇದ್ದವನಿಗೆ ಪ್ರಪಂಚ ದಿನದಿನಕ್ಕೂ ಹಿಗ್ಗುತ್ತದೆ. ಹೋದ ವರ್ಷ ಮನೆಯೊಳಗೇ ಇದ್ದ ಬಚ್ಚಲು ಈ ವರ್ಷ ಪಕ್ಕದ ತಾಲ್ಲೂಕಿಗೆ ಸೇರಿದೆ. ಬೀದಿ ಕೊನೆಯ ಔಷಧಿ ಅಂಗಡಿ ಗಡಿಯಾಚೆ ಹೋಗಿದೆ.

ಇಂಥ ಎರಡು ಮಂಡಿಗಳನ್ನು ಹೊತ್ತುಕೊಂಡು ನಾನು ಪರದೇಶ ಪ್ರವಾಸ ಮಾಡಿ ಬಂದೆ. ಬಳ್ಳಾರಿ ಮಾರ್ಗವಾಗಿ ಸಿರುಗುಪ್ಪಕ್ಕೆ ಹೋಗಿದ್ದೆ. ಮೈಸೂರಿನ ಓದುಗರು ನಗಬಾರದು. ನಾನು ಹುಟ್ಟಿದ್ದು ಮಹಾರಾಜರ ಸಂಸ್ಥಾನದಲ್ಲಿ. ಆಗ ಬಳ್ಳಾರಿ ಮದ್ರಾಸಿನವರ ಕೈಯಲ್ಲಿತ್ತು. ಆಮೇಲೆ ಯಾರೋ ಗೆರೆಗಳನ್ನು ಅಳಿಸಿ ಬೇರೆ ಗೆರೆ ಎಳೆದರು. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಭೂಗೋಳ ಪಾಠ ಹೇಳಿದ ನನ್ನನ್ನು ಅವರು ಒಂದು ಮಾತೂ ಕೇಳಲಿಲ್ಲ. ಆದ್ದರಿಂದ ನನ್ನ ಮಟ್ಟಿಗೆ ಅದು ಪರದೇಶವೇ. ಅಲ್ಲಿಯ ಮಣ್ಣು ಬೇರೆ, ಬೆಳಗಿನ ತಿಂಡಿ ಬೇರೆ, ಅಲ್ಲಿ ನನಗೆ ಬೀಗರಿದ್ದಾರೆ. ಪರದೇಶಕ್ಕೆ ಇನ್ನೇನು ಬೇಕು?

ಬಳ್ಳಾರಿ

ರೈಲಿನಿಂದ ಇಳಿದಾಗ ನನ್ನ ಪಂಚೆ ಬಿಳಿಯದಾಗಿತ್ತು. ಆಟೋದಲ್ಲಿ ಕೂತು ಹೋಟೆಲು ಸೇರುವಷ್ಟರಲ್ಲಿ ಕಾವಿಗೆ ತಿರುಗಿತ್ತು. ಗುಡ್ಡಗಳನ್ನು ಕಡಿದು ಲಾರಿಗೆ ತುಂಬಿ ಬಂದರಿಗೆ ಕಳಿಸುವ ಕಾಲ ಅದು. ಲಾರಿಗೆ ಹಿಡಿಸದೆ ಉಳಿದ ಗುಡ್ಡವನ್ನು ಊರಿನವರ ಬಟ್ಟೆಗೆ ಹಂಚುತ್ತಿದ್ದರು. ಹೋಟೆಲಿನವನು ನನ್ನ ಪಂಚೆ ನೋಡಿ ಎದ್ದು ನಿಂತು, “ಬರ್ರಿ ಸ್ವಾಮೇರ, ಯಾವ ಮಠ?” ಎಂದ. ಕೈಮುಗಿದು ಒಗ್ಗರಣೆ, ಮೇಲೆರಡು ಮಿರ್ಚಿ, ಎಂದರೆ ಮೆಣಸಿನಕಾಯಿ ಬಜ್ಜಿ, ಇಟ್ಟ. ನಮ್ಮಲ್ಲಿ ಕಡ್ಲೆಪುರಿ ಸಂಜೆಯ ಸಮಾಚಾರ. ಇಲ್ಲಿ ಅದನ್ನು ನೆನೆಸಿ, ಒಗ್ಗರಣೆ ಹಾಕಿ, ಹೊತ್ತು ಹುಟ್ಟುವ ಮೊದಲೇ ಊರಿಗೆ ಊರೇ ತಿನ್ನುತ್ತದೆ. ಜೊತೆಗೆ ಬರುವ ಮಿರ್ಚಿಯನ್ನು ಕಚ್ಚಿದ ಮೇಲೆ ನನಗೆ ಸ್ವಲ್ಪ ಹೊತ್ತು ಯಾವ ಮಠದ ನೆನಪೂ ಬರಲಿಲ್ಲ.

ಬೀಗರು ಪಂಪಾಪತೆಪ್ಪನವರು, ಎಂದರೆ ನನ್ನ ಮಗಳ ಮಾವ, ಅಲ್ಲಿಗೇ ಬಂದರು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಹೊಸ ಅಂಗಿ ಹಾಕಿದ್ದರು.

“ಒಳ್ಳೇ ದಿನಕ್ಕ ಬಂದ್ರಿ ನೋಡ್ರಿ ಬೀಗ್ರ. ಇವತ್ತು ನನಗ ಶಾಲು ಹೊದಿಸ್ತಾರ.”

“ಏನು ಸಾಧನೆ ಮಾಡಿದಿರಿ?”

“ಏನಿಲ್ರಿ. ಕಂಪ್ಯೂಟರ್ ಒತ್ತೀನಿ.”

ಸಂಗತಿ ಹೀಗೆ. ಒಬ್ಬ ಗಣಿ ಧಣಿ ಜಿಲ್ಲೆಯ ಕೆಲವು ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಕಂಪ್ಯೂಟರು ದಾನ ಮಾಡಿದ್ದರು. ಅದರೊಳಗೆ ‘ಹಿರಿಯರ ಆರೋಗ್ಯ ನಕ್ಷೆ’. ಯಾವ ಕಾಯಿಲೆಗೆ ಎಲ್ಲಿ ಹೋಗಬೇಕು, ಯಾವ ಊರಲ್ಲಿ ಯಾವ ಡಾಕ್ಟರು, ಯಾವ ವಾರ ತಪಾಸಣೆ ಎಂಬುದನ್ನೆಲ್ಲ ವಯಸ್ಸಾದವರು ತಮ್ಮ ಊರಿನ ವಾಚನಾಲಯದಲ್ಲಿ ಕೂತೇ ತಿಳಿಯಬಹುದು. ಯೋಚನೆ ಒಳ್ಳೆಯದು. ಇದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಒಳ್ಳೆಯ ಮಾತು ಆಡುವ ಸಂದರ್ಭ ಬರುವುದಿಲ್ಲ.

ಸಮಾರಂಭದ ಪರದೆಯ ಮೇಲೆ ದಾನಿಗಳ ಭಾವಚಿತ್ರ ಜಿಲ್ಲೆಗಿಂತ ದೊಡ್ಡದಾಗಿತ್ತು. ನಕ್ಷೆ ತಯಾರಿಸಿದ ಏಜೆನ್ಸಿಯವರಿಗೆ ಹಾರ ಬಿತ್ತು. ಅತಿ ಹೆಚ್ಚು ಬಳಸಿದ ಹಿರಿಯರೆಂದು ಪಂಪಾಪತೆಪ್ಪನವರಿಗೆ ಶಾಲು ಬಿತ್ತು. ನಾನು ಹಳೆಯ ಚಟದಿಂದ ಏಜೆನ್ಸಿಯ ಮ್ಯಾನೇಜರನ್ನು ಕೇಳಿದೆ: “ಇದನ್ನೆಲ್ಲ ಅಳೆದವರು ಯಾರು?”

“ಉಪಗ್ರಹ, ಸರ್.”

“ಉಪಗ್ರಹ ಆಸ್ಪತ್ರೆಗಳಿಗೆ ಹೋಗಿ ನೋಡಿತೇ?”

ಅವರು ಮಗುವಿಗೆ ಹೇಳುವಂತೆ ಹೇಳಿದರು: “ನಮ್ಮ ಹುಡುಗರು ಜೀಪಿನಲ್ಲಿ ಹೋಗುತ್ತಾರೆ, ಸರ್. ಆಸ್ಪತ್ರೆ ಕಂಡ ಜಾಗದಲ್ಲಿ ಕೈಯಲ್ಲಿರುವ ಯಂತ್ರ ಒತ್ತುತ್ತಾರೆ. ಅವರು ಎಲ್ಲಿದ್ದಾರೆ ಎಂದು ಉಪಗ್ರಹ ಹೇಳುತ್ತದೆ. ಅದು ತಪ್ಪುವುದೇ ಇಲ್ಲ.”

ಅದು ನಿಜ. ಉಪಗ್ರಹ ತಪ್ಪಲಿಲ್ಲ.

ಸಿರುಗುಪ್ಪ

ಬಳ್ಳಾರಿಯ ಕೆಂಪಿನಿಂದ ಬಂದವನಿಗೆ ಸಿರುಗುಪ್ಪದ ಹಸಿರು ಸುಳ್ಳಿನಂತೆ ಕಾಣುತ್ತದೆ. ಕಾಲುವೆ ನೀರು, ಭತ್ತದ ಗದ್ದೆ, ಗಾಳಿಯಲ್ಲಿ ಗಿರಣಿಯ ತೌಡಿನ ವಾಸನೆ. ನಮ್ಮ ಕಡೆ ವಾಚನಾಲಯವೆಂದರೆ ಕೆಮ್ಮಿದರೂ ತಿರುಗಿ ನೋಡುವ ಜಾಗ. ಒಂದು ಪತ್ರಿಕೆಯನ್ನು ನಾಲ್ಕು ಜನ ನಾಲ್ಕು ಹಾಳೆ ಮಾಡಿಕೊಂಡು ಮಾತಿಲ್ಲದೆ ದ್ವೇಷಿಸುತ್ತ ಓದುತ್ತೇವೆ. ಇಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಸುದ್ದಿಯಲ್ಲಿದ್ದವರನ್ನು ಗಟ್ಟಿಯಾಗಿ ಬೈಯುತ್ತಾರೆ. ಗ್ರಂಥಪಾಲಕರಾದ ಖಾಜಾಹುಸೇನ್ ಸಾಹೇಬರು ನಡುನಡುವೆ “ಮೆಲ್ಲಗ ಬೈರಿ, ಇದು ಲೈಬ್ರರಿ” ಎನ್ನುತ್ತಾರೆ.

ಕಂಪ್ಯೂಟರಿಗೆ ಬೇರೆಯೇ ಮರ್ಯಾದೆ. ಅದರ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಎಲೆ ಅಡಿಕೆಯ ಕೈ ತೊಳೆಯಬೇಕು. ಮೊದಮೊದಲು ಮುದುಕರೆಲ್ಲ ನಕ್ಷೆಯಲ್ಲಿ ತಮ್ಮ ಹೊಲವನ್ನೂ ಹೆಂಡತಿಯ ತವರನ್ನೂ ಹುಡುಕಿ, ಎರಡೂ ಇದ್ದಲ್ಲೇ ಇರುವುದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಕಾಯಿಲೆಗಳ ಕಡೆ ಬಂದರಂತೆ. ಪಂಪಾಪತೆಪ್ಪನವರು ಕುರ್ಚಿಯಲ್ಲಿ ಕೂತರೆ ಜೋಯಿಸರು ಕೂತಂತೆ. ಸುತ್ತ ಜನ.

“ಸಕ್ರಿ ಬ್ಯಾನಿ ಏನಪ? ಮೋಕಕ್ಕ ಹೋಗು. ಸೋಮಾರ. ಉಪವಾಸ ಹೋಗಬೇಕು, ಮತ್ತ ದಾರ್ಯಾಗ ಚಾ ಕುಡದೀಲೇ.”

ಹೋದವರಿಗೆ ಮೋಕದಲ್ಲಿ ನಿಜವಾಗಿಯೂ ತಪಾಸಣೆ ಆಗಿತ್ತು. ಅಲ್ಲಿನ ಆಸ್ಪತ್ರೆ ಪುಣ್ಯಕ್ಕೆ ಡಾಂಬರು ರಸ್ತೆಯ ಮೇಲೆಯೇ ಇದೆ. ಜನ ನಂಬಿದ್ದು ಸುಮ್ಮನೆ ಅಲ್ಲ.

ಮಗಳು ಅಳಿಯ ಕೆಲಸದ ಮೇಲೆ ದೂರದ ಊರಿನಲ್ಲಿದ್ದಾರೆ, ಇಲ್ಲಿ ಬೀಗರು ಬೀಗಿತ್ತಿ ಇಬ್ಬರೇ. ಸಂಜೆ ಮನೆಯಲ್ಲಿ ಬೀಗಿತ್ತಿ ಹುಲಿಗೆಮ್ಮನವರು ಜೋಳದ ರೊಟ್ಟಿ ಬಡಿಯುತ್ತ ಮಾತಾಡಿಸಿದರು. “ನಿಮ್ಮ ಮೈಸೂರಾಗ ದಸರಾಕ್ಕ ಲೈಟ್ ಹಾಕ್ತಾರಂತಲ್ರಿ ಅಣ್ಣಾರ. ನನಗ ಇಲ್ಲೇ ಕಾಣ್ತೈತಿ. ಒಂದು ಬಲ್ಬು ಹಾಕಿದ್ರ ಸುತ್ತಾ ಕಾಮನಬಿಲ್ಲು.”

“ಇಕಿಗೆ ದಿನಾ ಪುಕ್ಕಟೆ ದಸರಾ” ಎಂದರು ಬೀಗರು. ಎಲ್ಲರೂ ನಕ್ಕೆವು. ಆ ಸೀಮೆಯ ರೊಟ್ಟಿ ನಮ್ಮ ಮುದ್ದೆಯ ಹಾಗಲ್ಲ, ಅಗಿಯಬೇಕು. ಅಗಿಯುವಾಗ ಮನುಷ್ಯನಿಗೆ ಬೇರೇನೂ ಹೊಳೆಯುವುದಿಲ್ಲ.

ಸಿರುಗುಪ್ಪ, ಮಾರನೆಯ ಬೆಳಿಗ್ಗೆ

ತಿಂಡಿ ಬಡಿಸಲು ಬಂದ ಹುಲಿಗೆಮ್ಮನವರ ಎಡಗಣ್ಣು ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗಿತ್ತು. ತಟ್ಟೆ ಇಟ್ಟವರೇ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು.

“ಯಾವಾಗಿಂದ ಐತಿ ಇದು?” ಎಂದರು ಬೀಗರು.

“ರಾತ್ರಿಯಿಂದ. ತಲಿ ಒಡದು ಹೋಳಾಗಾಕತ್ತೈತಿ. ಬೀಗ್ರು ಬಂದಾರ, ಹೇಳಿದ್ರ ಅವ್ರು ಸರಿ ಉಣ್ಣೂದಿಲ್ಲಂತ ಸುಮ್ಮನಿದ್ದೆ.”

ಊರಿನ ಡಾಕ್ಟರು ನೋಡಿದರು. ನೋವಿಗೆ ಸೂಜಿ ಚುಚ್ಚಿ, “ಕಣ್ಣಿನೊಳಗ ಒತ್ತಡ ಏರೈತಿ ಅನಿಸ್ತೈತ್ರಿ. ನನ್ನ ಕೈಯಾಗಿನ ಮಾತಲ್ಲ. ಬಳ್ಳಾರಿಗರೆ ಹೋಗ್ರಿ, ಇನ್ನೂ ಹತ್ರ ಎಲ್ಲರೆ ಕಣ್ಣಿನ ಡಾಕ್ಟರಿದ್ರ ಅಲ್ಲಿಗರೆ ಹೋಗ್ರಿ. ತಡಾ ಮಾಡಿದ್ರ ಕಣ್ಣು ಹೋಗ್ತೈತಿ” ಎಂದರು.

ವಾಂತಿ ನಿಲ್ಲದವರನ್ನು ಬಸ್ಸಿನ ನೂಕುನುಗ್ಗಲಿಗೆ ಹತ್ತಿಸುವಂತಿರಲಿಲ್ಲ, ಬಾಡಿಗೆ ಕಾರಿಗೆ ಹುಡುಕಿದೆವು. ಒಂದೂ ಇರಲಿಲ್ಲ. ಸಿರುಗುಪ್ಪದ ಕಾರುಗಳೆಲ್ಲ ತಿಂಗಳ ಬಾಡಿಗೆಯ ಮೇಲೆ ಗಣಿಗಳಿಗೆ ಹೋಗಿದ್ದವು. ಸಿಕ್ಕಿದ್ದು ಮೂರು ಗಾಲಿಯ ಒಂದು ಟಂಟಂ. ಅದರ ಓಟಕ್ಕೆ ಬಳ್ಳಾರಿ ದೂರ. ಪಂಪಾಪತೆಪ್ಪನವರು ಗ್ರಂಥಾಲಯಕ್ಕೆ ನಡೆದರು. ನಾನೂ ಮಂಡಿ ಎಳೆಯುತ್ತ ಹಿಂದೆ ಹೋದೆ. ಖಾಜಾ ಸಾಹೇಬರು ಇನ್ನೂ ಬೀಗ ತೆಗೆಯುತ್ತಿದ್ದರು. ಆವತ್ತು ಯಾರೂ ಚಪ್ಪಲಿ ಬಿಡಲಿಲ್ಲ.

ಸಾಹೇಬರು ಕಣ್ಣಿನ ಚಿತ್ರ ಒತ್ತಿದರು. ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿದರು: ಕಣ್ಣು ಕೆಂಪಾಗಿ, ತಲೆನೋವು ವಾಂತಿ ಇದ್ದು, ದೀಪದ ಸುತ್ತ ಬಣ್ಣದ ಬಳೆ ಕಂಡಿದ್ದರೆ ತಡಮಾಡಬೇಡಿ, ಕೂಡಲೇ ಹತ್ತಿರದ ಕಣ್ಣಿನ ಆಸ್ಪತ್ರೆಗೆ ಹೋಗಿ.

ಅಕ್ಷರ ಅಕ್ಷರವೂ ಸರಿಯಾಗಿತ್ತು. ಹಿಂದಿನ ಸಂಜೆ ನಾವು ನಕ್ಕ ದಸರಾ ಕೂಡ ಅದರಲ್ಲಿತ್ತು. ಕೆಳಗೆ ‘ದಾರಿ ತೋರಿಸು’ ಎಂದಿದ್ದ ಕಡೆ ಸಾಹೇಬರು ಒತ್ತಿದರು. ನೀಲಿ ಗೆರೆಯೊಂದು ಸಿರುಗುಪ್ಪದಿಂದ ಹೊರಟು, ಬಳ್ಳಾರಿಗೆ ಹೋಗದೆ, ನಡುದಾರಿಯಲ್ಲಿ ಪಡುವಣಕ್ಕೆ ತಿರುಗಿ ನಿಂತಿತು.

“ಕುರುಗೋಡು ತೋರಸ್ತೈತ್ರಿ.”

“ಕುರುಗೋಡಾಗ ಕಣ್ಣಿನ ಆಸ್ಪತ್ರಿ ಯಾವಾಗ ಆತು ಸಾಹೇಬ್ರ?”

“ಆಗಿರಬೇಕ್ರಿ. ರೊಕ್ಕ ನೀರಾಗಿ ಹರಿಯಾಕತ್ತೈತಲ್ಲ. ನಿನ್ನಿ ಇಲ್ಲದ್ದು ಇವತ್ತು ಎದ್ದು ನಿಂತಿರ್ತೈತಿ.”

ಇದು ಆ ಕಾಲದಲ್ಲಿ, ಆ ಜಿಲ್ಲೆಯಲ್ಲಿ ಮಾತ್ರ ನಂಬಬಹುದಾದ ಮಾತು. ರಾತ್ರಿ ಬಯಲಿದ್ದಲ್ಲಿ ಬೆಳಗಾಗುವಷ್ಟರಲ್ಲಿ ಬಂಗಲೆ ಏಳುತ್ತಿತ್ತು. ಜೋಳದ ಹೊಲದಲ್ಲಿ ಹೆಲಿಕಾಪ್ಟರು ಇಳಿಯುತ್ತಿತ್ತು. ಕುರುಗೋಡಿನಲ್ಲಿ ಒಂದು ಕಣ್ಣಿನ ಆಸ್ಪತ್ರೆ ಹುಟ್ಟಿರಬಾರದೇಕೆ? ಪಂಪಾಪತೆಪ್ಪನವರಿಗೆ ನಕ್ಷೆಯ ಮೇಲಿದ್ದ ವಿಶ್ವಾಸ ಆ ಹೊತ್ತು ನನಗೂ ಅಂಟಿತು.

ಕುರುಗೋಡು

ಟಂಟಂ ಎಂಬುದು ಕೂತವರ ಎಲುಬು ಎಣಿಸುವ ವಾಹನ. ಧೂಳು ತಾಗದಂತೆ ಬೀಗರು ತಮ್ಮ ಸನ್ಮಾನದ ಶಾಲನ್ನು ಹೆಂಡತಿಯ ತಲೆಗೂ ಕಣ್ಣಿಗೂ ಸುತ್ತಿದ್ದರು. ಗಾಲಿ ಗುಂಡಿಗೆ ಬಿದ್ದಾಗಲೆಲ್ಲ ಆಕೆ ಸೀಟಿನ ಕಂಬಿಯನ್ನು ಹಿಡಿಯುತ್ತಿದ್ದರು.

ಕುರುಗೋಡಿನ ದೊಡ್ಡ ಬಸವಣ್ಣನನ್ನು ನೋಡಬೇಕೆಂದು ನಾನು ಮೈಸೂರಿನಲ್ಲೇ ಅಂದುಕೊಂಡಿದ್ದೆ. ನಮ್ಮ ಬೆಟ್ಟದ ನಂದಿಗೂ ಅವನಿಗೂ ಹೋಲಿಸಿ ಎರಡು ಪುಟ ಬರೆಯುವ ಹಂಚಿಕೆ ಇತ್ತು. ನೋಡಲಿಲ್ಲ. ನಾವು ನೋಡಿದ್ದು ಊರ ಹೊರಗೆ, ಬೇವಿನ ಮರದ ಕೆಳಗೆ, ತಗಡಿನ ಚಪ್ಪರದ ಒಂದು ಮಿರ್ಚಿ ಅಂಗಡಿ. ಸಾಹೇಬರು ಚೀಟಿಯಲ್ಲಿ ಬರೆದುಕೊಟ್ಟ ಗುರುತೆಲ್ಲ ಅಲ್ಲಿಗೇ ಬಂದು ಮುಗಿಯಿತು. ಕಂಬಕ್ಕೆ ರಟ್ಟಿನ ಬೋರ್ಡೊಂದನ್ನು ಕಟ್ಟಿದ್ದರು: ‘ಇಲ್ಲಿ ಕಣ್ಣಿನ ಆಸ್ಪತ್ರಿ ಇಲ್ಲ. ಮಿರ್ಚಿ ಅಷ್ಟೇ.’

ಕನ್ನಡದಲ್ಲಿ ನಾನು ಬೇಕಾದಷ್ಟು ಓದಿದ್ದೇನೆ. ಇಷ್ಟು ಸ್ಪಷ್ಟವಾದ ಗದ್ಯ ಬೇರೆ ಓದಿಲ್ಲ.

ಅಂಗಡಿಯ ಸುಂಕಮ್ಮ ಬಾಣಲೆ ಇಳಿಸಿ ಬಂದಳು. “ನೀವೂ ಬಂದ್ರೇನ್ರಿ? ನಿಮಗಿಂತ ಮುಂಚೇನೂ ಬಂದಾರ. ಪೊರಿ ಬಂದೋರು, ಕಣ್ಣೀರು ಸೋರೋರು. ಒಬ್ಬ ಮುದುಕ ಅಂತೂ ‘ಮೊದಲು ನನ್ನ ಕಣ್ಣು ನೋಡು, ಆಮ್ಯಾಲೆ ಮಿರ್ಚಿ ಕರಿ’ ಅಂತ ಕುಂತೇಬಿಟ್ಟಿದ್ದ.” ಅಷ್ಟರಲ್ಲಿ ಶಾಲಿನೊಳಗಿನ ಮುಖ ಕಂಡು ಅವಳ ನಗು ನಿಂತಿತು. “ಅಯ್ಯ ಶಿವನೆ. ಇಳೀರಬೇ ತಾಯಿ. ಕುಂದರ್ರಿ.” ತಣ್ಣೀರಲ್ಲಿ ಅದ್ದಿದ ಬಟ್ಟೆ ತಂದು ಹುಲಿಗೆಮ್ಮನವರ ಹಣೆಗೆ ಹಾಕಿದಳು.

ಪಂಪಾಪತೆಪ್ಪನವರು ಚೀಟಿಯನ್ನು ಅವಳ ಮುಂದೆ ಹಿಡಿದು, “ಅಲ್ಲವ್ವ, ನಕ್ಷಾದಾಗ ಐತಲ್ಲ” ಎಂದರು. ಆ ದನಿಯನ್ನು ನಾನು ಮರೆಯಲಾರೆ.

“ಇರ್ತೈತಪ್ಪ, ಯಾಕಿರಂಗಿಲ್ಲ” ಎಂದಳು ಸುಂಕಮ್ಮ. “ಆವತ್ತು ಕಣ್ಣಿನ ಡಾಕ್ಟರ್ ವ್ಯಾನು ಯಾವುದೋ ಹಳ್ಳಿಗೆ ಹೊಂಟಿತ್ತು. ಇಲ್ಲಿ ನಿಲ್ಲಿಸಿ ಮಿರ್ಚಿ ತಿಂದ್ರು. ಹಿಂದಿಂದನ ನಕ್ಷಾದೋರ ಜೀಪು ಬಂತು. ಅವರೂ ಮಿರ್ಚಿ ತಿಂದ್ರು. ಧೂಳಂತ ಕೆಳಗ ಇಳೀಲಿಲ್ರಿ, ಪ್ಲೇಟು ಜೀಪಿಗೇ ಕೊಟ್ಟು ಬಂದೆ. ಒಬ್ಬ ವ್ಯಾನಿನ ಮ್ಯಾಲಿನ ಬೋರ್ಡ್ ಓದಿದ, ಕೈಯಾಗಿಂದು ಒತ್ತಿದ. ಇಬ್ರೂ ಹೋದ್ರು. ಆಸ್ಪತ್ರಿ ಇಲ್ಲೇ ಉಳೀತು.”

ನಾನು ಕೋಪಿಷ್ಠನಲ್ಲ. ದಿಲ್ಲಿಯನ್ನು ಸಮುದ್ರದೊಳಗೆ ಗುರುತಿಸಿದ ಹುಡುಗರಿಗೂ ಕೈಬರಹ ಚೆನ್ನಾಗಿದ್ದರೆ ಅರ್ಧ ಅಂಕ ಕೊಟ್ಟವನು. ಆದರೆ ಆ ಬೇವಿನ ಮರದ ಕೆಳಗೆ ನನಗೆ ಮೈಯೆಲ್ಲ ಉರಿಯಿತು. ಜೀಪಿನಿಂದ ಇಳಿಯುವ ಕೆಲಸ ಅದು. ಇಳಿದು, ‘ಇದು ಇಲ್ಲೇ ಇರುತ್ತದೆಯೇ?’ ಎಂದು ಒಂದು ಮಾತು ಕೇಳುವ ಕೆಲಸ. ಮಿರ್ಚಿ ಬಿಸಿ ಇತ್ತು, ಧೂಳು ಕೆಂಪಗಿತ್ತು, ಅವರು ಇಳಿಯಲಿಲ್ಲ. ಹಾರ ಹಾಕಿಸಿಕೊಳ್ಳಲು ಮಾತ್ರ ವೇದಿಕೆ ಹತ್ತಿದರು.

ಸುಂಕಮ್ಮ ಕೇಳಿದಳು: “ಈ ಬೋರ್ಡು ಹಾಕೀನಿ, ಕುರುಗೋಡು ಲೈಬ್ರರಿಯೋರಿಗೂ ಹೇಳೀನಿ. ಅವರೂ ಮ್ಯಾಲಕ್ಕ ಹೇಳೀವಿ ಅಂದ್ರು. ಮ್ಯಾಲೆ ಅಂದ್ರ ಎಲ್ರಿ ಅದು?”

ಭೂಗೋಳದ ಮೇಷ್ಟ್ರಾದ ನನಗೂ ಗೊತ್ತಿರಲಿಲ್ಲ.

ಕೊಳಗಲ್ಲಿನ ಹತ್ತಿರ, ರಸ್ತೆಯಲ್ಲಿ

ಬಳ್ಳಾರಿಯ ಕಡೆ ಹೊರಟೆವು. ಕೊಳಗಲ್ಲು ಹತ್ತಿರವಾಗುತ್ತಿದ್ದಂತೆ ಟಂಟಂ ನಿಂತಿತು. ಕಣ್ಣಿಗೆ ಕಾಣುವಷ್ಟು ದೂರಕ್ಕೂ ಅದಿರಿನ ಲಾರಿಗಳು ಒಂದರ ಹಿಂದೊಂದು. ಮುಂದೆಲ್ಲೋ ಒಂದರ ಅಚ್ಚು ಮುರಿದಿದೆಯಂತೆ. ನಿಂತ ಲಾರಿಗಳ ಕೆಳಗೆ ಚಾಲಕರು ಚಾಪೆ ಹಾಸಿ ಇಸ್ಪೀಟು ಆಡುತ್ತಿದ್ದರು. ನಾಡಿನ ಗುಡ್ಡಗಳು ಬಂದರಿಗೆ ಹೊರಟಿದ್ದವು, ಒಬ್ಬ ಹೆಂಗಸು ಆಸ್ಪತ್ರೆಗೆ ಹೊರಟಿದ್ದಳು. ದಾರಿ ಗುಡ್ಡಗಳಿಗೆ ಮೀಸಲು.

ಪಂಪಾಪತೆಪ್ಪನವರು ಇಳಿದು, ಲಾರಿಯಿಂದ ಲಾರಿಗೆ ನಡೆದು, ಚಾಲಕರಿಗೆ ತಿಳಿಯಲೆಂದು ತೆಲುಗಿನಲ್ಲಿ ಬೇಡಿದರು. “ಅಣ್ಣಾ, ಕೊಂಚಂ ಪಕ್ಕಕು ಜರಪಂಡಿ. ಮಾ ಆಡಮನಿಷಿ ಕನ್ನು ಪೋತೋಂದಿ.” ಎಂದರೆ, ಸ್ವಲ್ಪ ಪಕ್ಕಕ್ಕೆ ಸರಿಸಿ, ನಮ್ಮಾಕೆಯ ಕಣ್ಣು ಹೋಗುತ್ತಿದೆ ಎಂದು. ಒಬ್ಬ ಚಾಲಕ ಆಟ ಬಿಟ್ಟು ಎದ್ದು ಬಂದು ಲಾರಿಯನ್ನು ಒಂದು ಮೊಳ ಸರಿಸಿದ. ಅವನ ಮುಂದಿನ ಲಾರಿಯಲ್ಲಿ ಚಾಲಕನೇ ಇರಲಿಲ್ಲ, ಊಟಕ್ಕೆ ಹೋಗಿದ್ದ.

“ಬ್ಯಾಡ ಬರ್ರಿ” ಎಂದು ಶಾಲಿನೊಳಗಿಂದ ಹುಲಿಗೆಮ್ಮನವರು ಕೂಗಿದರು. “ಧೂಳಾಗ ನಿಂದ್ರಬ್ಯಾಡ್ರಿ, ನಿಮಗ ದಮ್ಮು ಹತ್ತೈತಿ.” ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಾರ, ಊಟದ ಹೊತ್ತು ಮೀರಿತು. ಆ ಚೀಲದಾಗ ಬುತ್ತಿ ಐತಿ. ಮುಂಜಾನೆ ಕಟ್ಟೀನಿ” ಎಂದರು.

ಮುಂಜಾನೆ, ಆ ಕಣ್ಣಿನಲ್ಲಿ, ಬೀಗನಿಗೆಂದು ಕಟ್ಟಿದ ಬುತ್ತಿ. ನಾನು ತಿಂದೆ. ತಿನ್ನದಿದ್ದರೆ ಆಕೆ ಬಿಡುತ್ತಿರಲಿಲ್ಲ. ರೊಟ್ಟಿಯ ಜೊತೆ ಅದಿರು ಹಲ್ಲಿಗೆ ಸಿಕ್ಕಿತು.

ಲಾರಿ ಸಾಲು ಅಲುಗಿದಾಗ ಹೊತ್ತು ಇಳಿದಿತ್ತು.

ಮತ್ತೆ ಬಳ್ಳಾರಿ

ಊರು ಮುಟ್ಟಿದಾಗ ಬೀದಿ ದೀಪ ಹತ್ತಿದ್ದವು. ಹುಲಿಗೆಮ್ಮನವರು ಶಾಲು ಸರಿಸಿ, ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು. “ಕಾಮನಬಿಲ್ಲು ಹೋತ್ರಿ” ಎಂದರು. “ದೀಪಾನೂ ಇಲ್ಲ.”

ಕಣ್ಣಿನ ಡಾಕ್ಟರು ಒಳ್ಳೆಯವರು. ಕೂಡಲೇ ಔಷಧಿ ಏರಿಸಿದರು, ರಾತ್ರಿಯೆಲ್ಲ ನೋಡಿಕೊಂಡರು. ಬೆಳಿಗ್ಗೆ ಪಂಪಾಪತೆಪ್ಪನವರನ್ನು ಹೊರಗೆ ಕರೆದು, “ನಿನ್ನೆ ಮಧ್ಯಾಹ್ನದೊಳಗ ತಂದಿದ್ರ ಉಳಿಸಬಹುದಿತ್ತು ಯಜಮಾನ್ರ. ಎಲ್ಲಿ ತಡಾ ಆತು?” ಎಂದರು.

ಬೀಗರು ಶಾಲನ್ನು ಮಡಿಸುತ್ತ ನಿಂತರು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು.

ನಾನು ಏಜೆನ್ಸಿಯ ಕಚೇರಿಗೆ ಹೋದೆ. ಅದೇ ಮ್ಯಾನೇಜರು, ಅವರ ಹಿಂದಿನ ಗೋಡೆಗೆ ಒಣಗಿದ ಅದೇ ಹಾರ. ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು ಕಂಪ್ಯೂಟರು ತಿರುಗಿಸಿದರು. “ನೋಡಿ ಸರ್, ಫೋಟೋ ಪುರಾವೆ ಇದೆ. ನಮ್ಮವರು ಕಣ್ಣಾರೆ ಕಂಡೇ ಹಾಕಿದ್ದಾರೆ.”

ಫೋಟೋದಲ್ಲಿ ಬೇವಿನ ಮರ, ಮರದ ಕೆಳಗೆ ಕಣ್ಣಿನ ಚಿತ್ರ ಬರೆದ ವ್ಯಾನು, ಅದರ ಹಿಂದೆ ಸುಂಕಮ್ಮನ ಬಾಣಲೆಯ ಹೊಗೆ.

“ಇದಕ್ಕೆ ಚಕ್ರ ಇದೆಯಲ್ಲ” ಎಂದೆ.

“ಹೌದು ಸರ್.”

“ಚಕ್ರ ಇದ್ದದ್ದು ಹೋಗುತ್ತದೆ ಎಂದು ನಿಮ್ಮವರಿಗೆ ಅನಿಸಲಿಲ್ಲವೇ?”

“ನಮ್ಮ ಫಾರಮ್ಮಿನಲ್ಲಿ ಚಕ್ರದ ಕಾಲಂ ಇಲ್ಲ ಸರ್.”

“ಒಬ್ಬರ ಕಣ್ಣು ಹೋಯಿತು.”

“ಬೇಜಾರಿನ ವಿಷಯ ಸರ್. ಎರಡನೇ ಹಂತ ಮಂಜೂರಾದರೆ ತಿದ್ದುಪಡಿ ಮಾಡ್ತೀವಿ. ಈಗ ಕಾಫಿ ತಗೊಳ್ತೀರಾ?”

ನಾನು ಜೀವನದಲ್ಲಿ ಬಿಟ್ಟ ಕಾಫಿಗಳು ಕಡಿಮೆ. ಇದು ಒಂದು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಶಾಲೆಯಲ್ಲಿ ಯಾವ ಹುಡುಗನಿಗೂ ಬಯ್ಯದ ಮಾತುಗಳನ್ನು ಬಯ್ದೆ. ಹಾದು ಹೋಗುತ್ತಿದ್ದ ಹೆಂಗಸೊಬ್ಬಳು ನನ್ನ ಕೆಂಪು ಪಂಚೆಗೆ ಕೈಮುಗಿದಳು.

ಒಂದು ವಾರದ ಮೇಲೆ ಸಿರುಗುಪ್ಪಕ್ಕೆ ಮರಳಿದೆವು. ನಾನು ಮೈಸೂರಿಗೆ ಹೊರಡುವ ದಿನ ಪಂಪಾಪತೆಪ್ಪನವರು ಗ್ರಂಥಾಲಯಕ್ಕೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿನ ಮೇಲೆ ಶಾಲು ಹೊದಿಸಿ ಬಂದರು. “ಮೋಕದ್ದು ಸರಿ ಐತ್ರಿ” ಎಂದರು ಖಾಜಾ ಸಾಹೇಬರು, ತಪ್ಪು ತಮ್ಮದೇ ಎಂಬಂತೆ ಮೆಲ್ಲಗೆ. “ಇರ್ಲಿ ಬಿಡ್ರಿ ಸಾಹೇಬ್ರ. ಯಾವುದು ಸರಿ, ಯಾವುದು ತಪ್ಪು ಅಂತ ಮೊದಲು ಹೋಗಿ ನೋಡಿ ಬರೂನು. ಆಮ್ಯಾಲೆ ಶಾಲು ತಗಿಯೂನು” ಎಂದರು ಬೀಗರು.

ಹುಲಿಗೆಮ್ಮನವರ ಬಲಗಣ್ಣಿಗೂ ಅದೇ ಗತಿ ಬಾರದಂತೆ ಲೇಸರ್ ಮಾಡಿ ಉಳಿಸಿದ್ದಾರೆ. ಎಡಗಣ್ಣು ಕಾಣುವುದಿಲ್ಲ. ಎರಡನೇ ಹಂತ ಮಂಜೂರಾಗಿಲ್ಲ. ನಕ್ಷೆಯಲ್ಲಿ ಕಣ್ಣಿನ ಆಸ್ಪತ್ರೆ ಕುರುಗೋಡಿನಲ್ಲೇ ಇದೆ.